ಕಾರ್ಯಕ್ರಮಕ್ಕೆ ಮುನ್ನ ಅಗತ್ಯ ಸಮೀಕ್ಷೆ: ಮಲೆನಾಡಿನ ಸಣ್ಣ ಸಂಸ್ಥೆಗಳಿಗೊಂದು ಕೈಪಿಡಿ

ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಟ್ರಸ್ಟುಗಳು, ಮಹಿಳಾ ಒಕ್ಕೂಟಗಳು, ಯುವಕ ಸಂಘಗಳು ವರ್ಷದ ಕಾರ್ಯಕ್ರಮವನ್ನು ನಿಶ್ಚಯಿಸುವ ರೀತಿ ಹೆಚ್ಚುಕಡಿಮೆ ಒಂದೇ. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ಹೊಲಿಗೆ ತರಬೇತಿ ಎನ್ನುತ್ತಾರೆ, ಇನ್ನೊಬ್ಬರು ಆರೋಗ್ಯ ಶಿಬಿರ ಎನ್ನುತ್ತಾರೆ, ಯಾರ ಮಾತಿಗೆ ತೂಕ ಹೆಚ್ಚೋ ಅವರ ಸಲಹೆ ಉಳಿಯುತ್ತದೆ. ದಾನಿ ಸಂಸ್ಥೆಯ ಅರ್ಜಿಯಲ್ಲಿ ‘ನೀಡ್ ಅಸೆಸ್‌ಮೆಂಟ್’ ಎಂಬ ಕಾಲಂ ಇರುವುದರಿಂದ ಆಮೇಲೆ ನಾಲ್ಕು ಊರು ಸುತ್ತಿ, ‘ಹೊಲಿಗೆ ತರಬೇತಿ ಬೇಕೇ’ ಎಂದು ಕೇಳಿ, ಬೇಕು ಎಂದವರನ್ನು ಎಣಿಸಿ ಆ ಕಾಲಂ ತುಂಬಲಾಗುತ್ತದೆ. ಪುಕ್ಕಟೆ ಕೊಡುವುದನ್ನು ಬೇಡವೆನ್ನುವವರು ವಿರಳವಾದ್ದರಿಂದ ಇಂಥ ಸಮೀಕ್ಷೆ ಎಂದೂ ಸೋಲುವುದಿಲ್ಲ; ಸಂಸ್ಥೆಗೆ ಗೊತ್ತಿಲ್ಲದ ಯಾವ ಸಂಗತಿಯನ್ನೂ ತಿಳಿಸುವುದೂ ಇಲ್ಲ. ಇಬ್ಬರು ಮೂವರು ಕಾರ್ಯಕರ್ತರು ಮತ್ತು ಒಂದು ಬೈಕು ಇರುವ ಸಂಸ್ಥೆಯೂ ಎರಡು ಮೂರು ತಿಂಗಳಲ್ಲಿ ಮಾಡಿ ಮುಗಿಸಬಹುದಾದ, ಮೊದಲು ಕೊರತೆಯನ್ನು ಗುರುತಿಸಿ ಆಮೇಲೆ ಕಾರ್ಯಕ್ರಮವನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವಿವರಣೆಗೆ ಅನುಕೂಲವಾಗಲೆಂದು ಒಂದು ಕಲ್ಪಿತ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ಹೊಸನಗರ ತಾಲ್ಲೂಕಿನ ಮೂರು ಗ್ರಾಮ ಪಂಚಾಯಿತಿಗಳಲ್ಲಿ ಅದು ಕೆಲಸ ಮಾಡುತ್ತಿದೆ, ಅದರ ಕೈಯಲ್ಲಿ ಒಂದು ವರ್ಷಕ್ಕಾಗುವಷ್ಟು ಹಣವಿದೆ, ಮಂಡಳಿಯ ಹೆಚ್ಚಿನ ಸದಸ್ಯರ ಒಲವು ಹೊಲಿಗೆ ತರಬೇತಿಯ ಕಡೆಗಿದೆ.

ಮೊದಲು ಬರೆದಿಡಬೇಕಾದ ಅರ್ಧ ಪುಟ

ಊರಿಗೆ ಕಾಲಿಡುವ ಮೊದಲು ಅರ್ಧ ಪುಟದಷ್ಟು ಬರೆಯಬೇಕು: ಈ ಸಮೀಕ್ಷೆಯಿಂದ ಯಾವ ತೀರ್ಮಾನ ಹೊರಡಬೇಕು, ಅದನ್ನು ತೆಗೆದುಕೊಳ್ಳುವವರು ಯಾರು, ಯಾವ ದಿನಾಂಕದ ಒಳಗೆ, ಎಷ್ಟು ಹಣದ ಮಿತಿಯಲ್ಲಿ, ಯಾವ ಊರುಗಳಿಗಾಗಿ. ಬರೆದ ಮೇಲೆ ಮಂಡಳಿಯ ಪ್ರತಿ ಸದಸ್ಯರಿಗೂ ಒಂದು ಪ್ರಶ್ನೆ ಹಾಕಬೇಕು: ಉತ್ತರ ನಾವು ಎಣಿಸಿದ್ದಕ್ಕೆ ವಿರುದ್ಧವಾಗಿ ಬಂದರೆ ಕಾರ್ಯಕ್ರಮ ಬದಲಾಯಿಸುತ್ತೇವೆಯೇ? ದಾನಿಗೆ ಈಗಾಗಲೇ ಮಾತು ಕೊಟ್ಟಾಗಿದೆ, ಯಂತ್ರಗಳಿಗೆ ಮುಂಗಡವೂ ಹೋಗಿದೆ ಎಂಬ ಉತ್ತರ ಬಂದರೆ ಅಗತ್ಯ ಸಮೀಕ್ಷೆಯನ್ನು ಅಲ್ಲಿಗೇ ಬಿಟ್ಟು, ಆ ತರಬೇತಿಯನ್ನು ಯಾರಿಗೆ, ಯಾವ ಹೊತ್ತಿನಲ್ಲಿ ಕೊಡಬೇಕೆಂಬ ಸಣ್ಣ ವಿಚಾರಣೆ ನಡೆಸುವುದು ಪ್ರಾಮಾಣಿಕ. ಬದಲಾಯಿಸಲು ಮನಸ್ಸಿಲ್ಲದ ತೀರ್ಮಾನಕ್ಕಾಗಿ ಕೂಲಿ ಕೆಲಸದವರ ಅರ್ಧ ದಿನವನ್ನು ತಿನ್ನುವ ಹಕ್ಕು ಯಾವ ಸಂಸ್ಥೆಗೂ ಇಲ್ಲ.

ಕೊರತೆ ಬೇರೆ, ಪರಿಹಾರ ಬೇರೆ

ಜನರ ಬದುಕಿನಲ್ಲಿ ಈಗ ಇರುವ ಸ್ಥಿತಿಗೂ ಇರಬೇಕಾದ ಸ್ಥಿತಿಗೂ ನಡುವಿನ ಅಂತರವನ್ನು ಅಗತ್ಯವೆಂದು ಹಿಡಿಯಬೇಕು. ‘ಊರಿನಲ್ಲಿ ಹೊಲಿಗೆ ಯಂತ್ರಗಳಿಲ್ಲ’ ಎಂಬುದು ಅಂಥ ಅಂತರವನ್ನು ಹೇಳುವುದಿಲ್ಲ, ಒಂದು ಪರಿಹಾರ ಇಲ್ಲವೆಂದಷ್ಟೇ ಹೇಳುತ್ತದೆ. ‘ಯಂತ್ರ ಬಂದರೆ ಏನಾಗುತ್ತದೆ’ ಎಂದು ಕೇಳುತ್ತಾ ಹೋದರೆ ಅಡಿಕೆ ಸುಲಿತ ಮುಗಿದ ಮೇಲೆ ಹೆಂಗಸರ ಕೈಗೆ ಕಾಸು ಬರುವ ಕೆಲಸ ಸಿಗುವುದಿಲ್ಲ, ಆ ತಿಂಗಳುಗಳಲ್ಲಿ ಮನೆ ನಡೆಸಲು ಸಾಲವಾಗುತ್ತದೆ ಎಂಬ ಮಾತು ಹೊರಬರಬಹುದು. ಕೊರತೆ ಅದು. ಅದಕ್ಕೆ ಹೊಲಿಗೆ ಒಂದು ಉತ್ತರವಾಗಬಹುದು. ಹೈನುಗಾರಿಕೆ, ಉಪ್ಪಿನಕಾಯಿ ಮತ್ತು ಹಪ್ಪಳದ ಮಾರಾಟ ವ್ಯವಸ್ಥೆ, ಅಥವಾ ಸಂಘದ ಸಾಲದ ಕಂತನ್ನು ಸುಗ್ಗಿಯ ಕಾಲಕ್ಕೆ ಹೊಂದಿಸುವುದು ಕೂಡ ಉತ್ತರವಾಗಬಹುದು. ಸಮೀಕ್ಷೆಯ ಹಂತದಲ್ಲಿ ಕಾರ್ಯಕರ್ತರ ಟಿಪ್ಪಣಿ ಪುಸ್ತಕದಲ್ಲಿ ಪರಿಹಾರದ ಹೆಸರು ಕಂಡಾಗಲೆಲ್ಲ ಪಕ್ಕದಲ್ಲಿ ‘ಏತಕ್ಕಾಗಿ’ ಎಂದು ಬರೆಯುವ ಅಭ್ಯಾಸವಿದ್ದರೆ ಈ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ.

ಬ್ರಿಟನ್ನಿನ ಸಮಾಜನೀತಿ ವಿದ್ವಾಂಸ ಜೊನಾಥನ್ ಬ್ರಾಡ್‌ಶಾ 1972ರಲ್ಲಿ ಅಗತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ತಜ್ಞರು ಅಥವಾ ಸರ್ಕಾರ ನಿಗದಿಪಡಿಸಿದ ಮಟ್ಟಕ್ಕಿಂತ ಕೆಳಗಿರುವುದು ಒಂದು ಬಗೆ: ಬಯಲು ಸೀಮೆಯಲ್ಲಿ 5,000 ಜನರಿಗೊಂದು ಆರೋಗ್ಯ ಉಪಕೇಂದ್ರವಿರಬೇಕು, ಗುಡ್ಡಗಾಡಿನಲ್ಲಿ 3,000 ಜನರಿಗೊಂದು ಇರಬೇಕು ಎಂಬಂಥ ಮಾನದಂಡಗಳು ಇಲ್ಲಿ ಬರುತ್ತವೆ. ಜನರಿಗೆ ತಾವಾಗಿಯೇ ಅನಿಸುವುದು ಎರಡನೆಯದು. ಅನಿಸಿದ್ದಕ್ಕಾಗಿ ಅರ್ಜಿ ಕೊಟ್ಟು, ಸಾಲಿನಲ್ಲಿ ನಿಂತು, ಗ್ರಾಮ ಸಭೆಯಲ್ಲಿ ಎದ್ದು ಕೇಳಿದ್ದು ಮೂರನೆಯದು. ನೆರೆಯ ಊರಿನಲ್ಲಿ ಇದ್ದು ನಮ್ಮಲ್ಲಿ ಇಲ್ಲದಿರುವುದು ನಾಲ್ಕನೆಯದು.

ನಾಲ್ಕೂ ಒಂದೇ ಕಡೆ ಕೈ ತೋರಿಸದಿದ್ದಾಗ ಏನು ಮಾಡಬೇಕೆಂಬುದೇ ಕಷ್ಟದ ಪ್ರಶ್ನೆ, ಮತ್ತು ಮಲೆನಾಡಿನಲ್ಲಿ ಅದಕ್ಕೆ ಮಂಗನ ಕಾಯಿಲೆಯೇ ಸ್ಪಷ್ಟ ಉದಾಹರಣೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ವರೆಗಿನ ಒಣ ತಿಂಗಳುಗಳಲ್ಲಿ, ಅಂದರೆ ತರಗೆಲೆ, ಸೊಪ್ಪು, ಸೌದೆಗೆಂದು ಜನ ಕಾಡಿಗೆ ಹೋಗುವ ಕಾಲದಲ್ಲಿಯೇ ಇದರ ಹಾವಳಿ ಹೆಚ್ಚು. ಆರೋಗ್ಯ ಇಲಾಖೆಯ ದೃಷ್ಟಿಯಲ್ಲಿ ಇದು ಮೊದಲ ಸಾಲಿನ ಅಗತ್ಯ. ಆದರೆ ಆಗಸ್ಟ್ ತಿಂಗಳಲ್ಲಿ ಊರಿನವರನ್ನು ಕೇಳಿದರೆ ರಸ್ತೆ, ಕಾಲುಸಂಕ, ಕರೆಂಟು, ಮೊಬೈಲ್ ನೆಟ್‌ವರ್ಕ್ ಎಂಬ ಉತ್ತರಗಳ ನಡುವೆ ಇದರ ಹೆಸರೇ ಬರದಿರಬಹುದು. ಜನ ಹೇಳಲಿಲ್ಲವೆಂದು ಕೈಬಿಡುವುದೂ, ಇಲಾಖೆ ಹೇಳಿತೆಂದು ಜನರ ಮಾತನ್ನು ಬದಿಗಿಡುವುದೂ ತಪ್ಪು. ವರದಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ದಾಖಲಿಸಿ, ಯಾವುದು ಯಾರ ಮಾತು ಎಂಬುದನ್ನು ಮರೆಮಾಚದೆ ತೋರಿಸಬೇಕು. ತೀರ್ಮಾನ ಆಮೇಲಿನ ಹಂತದಲ್ಲಿ ಬರುತ್ತದೆ.

ಈಗಾಗಲೇ ಬರೆದಿಟ್ಟಿರುವುದನ್ನು ಓದುವುದು

ಕಡತಗಳಲ್ಲಿ ಇರುವ ಮಾಹಿತಿಗಾಗಿ ಜನರನ್ನು ಕಾಡಬಾರದು. ಹಳ್ಳಿಮಟ್ಟದ ಹೆಚ್ಚಿನ ಮಾಹಿತಿ ಅಂಗನವಾಡಿಯ ಮನೆ ಸಮೀಕ್ಷೆ ಪುಸ್ತಕ, ಆಶಾ ಕಾರ್ಯಕರ್ತೆಯ ದಾಖಲೆ, ಶಾಲೆಯ ಹಾಜರಾತಿ, ಹಾಲಿನ ಸೊಸೈಟಿ ಮತ್ತು ಸ್ವಸಹಾಯ ಸಂಘಗಳ ಲೆಕ್ಕ, ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆ ಹಾಗೂ ಗ್ರಾಮ ಸಭೆಯ ನಡಾವಳಿಗಳಲ್ಲಿ ಇರುತ್ತದೆ. ನಡಾವಳಿ ಪುಸ್ತಕಕ್ಕೆ ವಿಶೇಷ ಗಮನ ಕೊಡಬೇಕು, ಏಕೆಂದರೆ ಒಂದೇ ಬೇಡಿಕೆ ಮೂರು ನಾಲ್ಕು ವರ್ಷ ಸತತವಾಗಿ ದಾಖಲಾಗಿದ್ದರೆ ಅದು ನೂರು ಪ್ರಶ್ನಾವಳಿಗಳಿಗಿಂತ ಗಟ್ಟಿಯಾದ ಸಾಕ್ಷಿ. ಮಕ್ಕಳ ಗ್ರಾಮ ಸಭೆಯ ನಡಾವಳಿಯನ್ನು ಯಾರೂ ಓದುವುದಿಲ್ಲ. ಶಾಲೆಯ ಶೌಚಾಲಯ, ದಾರಿಯ ಹಳ್ಳ, ಬಸ್ಸಿನ ಹೊತ್ತು ಇವೆಲ್ಲ ಅಲ್ಲಿ ನೇರ ಮಾತಿನಲ್ಲಿ ಸಿಗುತ್ತವೆ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವ ದಾರಿ ಇದ್ದೇ ಇದೆ, ಆದರೆ ಪಿಡಿಒ ಅವರಿಗೆ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಉದ್ದೇಶ ತಿಳಿಸಿ ಪತ್ರ ಬರೆದು, ಖುದ್ದಾಗಿ ಕಂಡು ಮಾತನಾಡಿದರೆ ಕೆಲಸ ಸಾಮಾನ್ಯವಾಗಿ ಬೇಗ ಆಗುತ್ತದೆ.

ದೊಡ್ಡ ಅಂಕಿ ಅಂಶಗಳನ್ನು ಎಚ್ಚರದಿಂದ ಬಳಸಬೇಕು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 17.5 ಲಕ್ಷ, 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋದದ್ದರಿಂದ ಹಳ್ಳಿವಾರು ಸಂಖ್ಯೆಗಳು ಬಹಳ ಹಳೆಯವಾಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲಾ ಮಟ್ಟದ ಚಿತ್ರವನ್ನು ಕೊಡುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಏಳು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ಭದ್ರಾವತಿಯ ಕಾರ್ಖಾನೆ ಪಟ್ಟಣ ಮತ್ತು ನೀರಾವರಿ ಗದ್ದೆಗಳು, ಶಿಕಾರಿಪುರದ ಅರೆಮಲೆನಾಡು, ಹೊಸನಗರ ಮತ್ತು ತೀರ್ಥಹಳ್ಳಿಯ ಘಟ್ಟದಂಚಿನ ಒಂಟಿಮನೆಗಳು ಎಲ್ಲವೂ ಒಂದೇ ಸರಾಸರಿಯಲ್ಲಿ ಬೆರೆತುಹೋಗುತ್ತವೆ. ಹಳೆಯ ವರದಿಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದ ಬಗ್ಗೆ ಬರೆದ ಯಾವುದೇ ಹಳೆಯ ವರದಿಯಲ್ಲಿ ಲಾಂಚ್ ದಾಟುವ ಕಷ್ಟವೇ ಮೊದಲ ಅಂಶವಾಗಿರುವುದು ಸಹಜ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಮೇಲೆ ಅಲ್ಲಿನ ಪಟ್ಟಿಯನ್ನು ಹೊಸದಾಗಿಯೇ ಬರೆಯಬೇಕು.

ಯಾರನ್ನು ಕೇಳಬೇಕು, ಎಲ್ಲಿ ಕೂತು ಕೇಳಬೇಕು

ಸಭೆ ಕರೆದರೆ ಬರುವವರು ಯಾರೆಂದು ಎಲ್ಲ ಊರಿನಲ್ಲೂ ಗೊತ್ತಿರುತ್ತದೆ: ಬಿಡುವು ಇದ್ದವರು, ವಾಹನ ಇದ್ದವರು, ಹತ್ತು ಜನರ ಮುಂದೆ ಮಾತನಾಡಿ ರೂಢಿಯಿದ್ದವರು. ಮಲೆನಾಡಿನ ಊರು ಬಯಲು ಸೀಮೆಯಂತೆ ಒಂದು ಕಡೆ ಗುಂಪಾಗಿಲ್ಲದ ಕಾರಣ ಈ ತೊಂದರೆ ಇಲ್ಲಿ ಇನ್ನೂ ಹೆಚ್ಚು. ಗುಡ್ಡದ ಆಚೆಯ ಒಂಟಿಮನೆ, ಹಸಲರು ಎಂಬ ಬುಡಕಟ್ಟಿನವರ ಕೇರಿ, ಹಿನ್ನೀರಿನ ಅಂಚಿಗೆ ಸರಿದ ಮುಳುಗಡೆ ಕುಟುಂಬಗಳು, ತೋಟದ ಕೆಲಸಕ್ಕೆ ಹೊರಗಿನಿಂದ ಬಂದು ಬಿಡಾರದಲ್ಲಿರುವವರು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಸಭೆಗೆ ಬರುವುದು ಕಡಿಮೆ. ಸಮೀಕ್ಷೆಯ ಮೊದಲ ದಿನವೇ ‘ಬಾರದವರ ಪಟ್ಟಿ’ಯೊಂದನ್ನು ಮಾಡಿ, ಅವರಿದ್ದಲ್ಲಿಗೆ ಹೋಗುವ ದಿನಗಳನ್ನು ಪ್ರತ್ಯೇಕವಾಗಿ ಗೊತ್ತುಪಡಿಸಬೇಕು.

ಮನೆಗಳ ಆಯ್ಕೆಗೆ ಅಂಗನವಾಡಿಯ ಅಥವಾ ಪಂಚಾಯಿತಿಯ ಮನೆಪಟ್ಟಿಯನ್ನು ಆಧಾರವಾಗಿಟ್ಟುಕೊಳ್ಳಬಹುದು. ಒಟ್ಟು 400 ಮನೆಗಳಿದ್ದು, ಫಲಿತಾಂಶ ಶೇಕಡಾ ಹತ್ತು ಅಂಶದಷ್ಟು ಆಚೀಚೆಯಾದರೂ ಚಿಂತೆಯಿಲ್ಲ ಎನ್ನುವುದಾದರೆ, ಶೇಕಡಾ 95ರ ಭರವಸೆಯ ಮಟ್ಟದಲ್ಲಿ (ಅಂದರೆ ಹೀಗೆ ನೂರು ಸಲ ಆರಿಸಿದರೆ ಸುಮಾರು 95 ಸಲ ಫಲಿತಾಂಶ ಆ ಮಿತಿಯೊಳಗೇ ಇರುವಂತೆ) 78 ಮನೆಗಳು ಸಾಕು. ವ್ಯತ್ಯಾಸ ಐದು ಅಂಶ ಮೀರಬಾರದೆಂದರೆ 196 ಮನೆಗಳು ಬೇಕಾಗುತ್ತವೆ. ಸಣ್ಣ ಸಂಸ್ಥೆಗೆ ಮೊದಲನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ: ಉಳಿದ ಶ್ರಮವನ್ನು ಗುಂಪು ಚರ್ಚೆಗೆ ಕೊಟ್ಟರೆ ಹೆಚ್ಚು ತಿಳಿಯುತ್ತದೆ. ಪಟ್ಟಿಯಲ್ಲಿ ಮೊದಲ ಐದು ಮನೆಗಳ ಪೈಕಿ ಒಂದನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಐದನೆಯ ಮನೆಯನ್ನು ಗುರುತಿಸಿಕೊಂಡರೆ ಆಯ್ಕೆ ನಿಷ್ಪಕ್ಷವಾಗಿರುತ್ತದೆ. ಗುರುತಿಸಿದ ಮನೆ ಎರಡು ಮೈಲಿ ಏರುದಾರಿಯಲ್ಲಿದೆಯೆಂದು ರಸ್ತೆ ಬದಿಯ ಮನೆಗೆ ಬದಲಾಯಿಸಕೂಡದು. ಹಾಗೆ ಮಾಡಿದರೆ ರಸ್ತೆಯಿಲ್ಲದವರ ಕಷ್ಟವೇ ಲೆಕ್ಕದಿಂದ ಬಿದ್ದುಹೋಗುತ್ತದೆ.

ಗುಂಪು ಚರ್ಚೆಗೆ ಆರರಿಂದ ಹತ್ತು ಜನ ಸಾಕು. ಒಬ್ಬರು ಮಾತು ನಡೆಸಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಎರಡನ್ನೂ ಒಬ್ಬರೇ ಮಾಡಲು ಹೋದರೆ ಎರಡೂ ಕೆಡುತ್ತವೆ. ಹೆಂಗಸರ ಗುಂಪು, ಕೂಲಿಕಾರರ ಗುಂಪು, ಕಾಲೇಜು ಓದುವ ಹುಡುಗ ಹುಡುಗಿಯರ ಗುಂಪು ಬೇರೆ ಬೇರೆಯಾಗಿರಲಿ. ಸ್ಥಳದ ಆಯ್ಕೆ ಇಲ್ಲಿ ಬಹು ಮುಖ್ಯ. ದೊಡ್ಡ ತೋಟದವರ ಮನೆಯ ಜಗಲಿಯಲ್ಲಿ ಕಾಫಿ, ಅವಲಕ್ಕಿಯ ಉಪಚಾರದೊಂದಿಗೆ ಸಭೆ ಸುಸೂತ್ರವಾಗಿ ನಡೆಯುತ್ತದೆ, ಆದರೆ ಅದೇ ತೋಟದಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಯುವವರು ಆ ಜಗಲಿಯಲ್ಲಿ ಕೂತು ಕೂಲಿಯ ಬಗ್ಗೆಯಾಗಲಿ ಸಾಲದ ಬಗ್ಗೆಯಾಗಲಿ ಬಾಯಿ ಬಿಡುವುದಿಲ್ಲ. ಅಂಗನವಾಡಿ, ಶಾಲೆಯ ಜಗಲಿ, ಸಂಘದ ವಾರದ ಸಭೆ ನಡೆಯುವ ಜಾಗ ಇವು ಮೇಲು. ಓದು ಬರಹ ತಿಳಿಯದವರೊಂದಿಗೆ ನೆಲದ ಮೇಲೆ ಹನ್ನೆರಡು ಖಾನೆಗಳ ಚೌಕ ಬರೆದು, ಒಂದೊಂದನ್ನು ಒಂದೊಂದು ತಿಂಗಳೆಂದು ಹೆಸರಿಸಿ, ಕೈಯಲ್ಲಿ ಕಾಸಿರುವ ತಿಂಗಳಿಗೆ ಹೆಚ್ಚು ಅಡಿಕೆ, ಇಲ್ಲದ ತಿಂಗಳಿಗೆ ಕಡಿಮೆ ಅಡಿಕೆ ಇಡಲು ಹೇಳಿದರೆ, ವರ್ಷದ ಏರುಪೇರು ಅರ್ಧ ಗಂಟೆಯಲ್ಲಿ ಕಣ್ಣೆದುರು ಮೂಡುತ್ತದೆ. ಅಡಿಕೆ ಇಡುವಾಗ ಗುಂಪಿನೊಳಗೆ ಹುಟ್ಟುವ ವಾದವನ್ನು ತಡೆಯದೆ ಬರೆದುಕೊಳ್ಳಬೇಕು.

ಕಾಲದ ಲೆಕ್ಕ

ನಾಟಿಯ ಹೊತ್ತಿನಲ್ಲಿ, ಕೊನೆ ಕೊಯ್ಲಿನ ಭರದಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲವೆಂಬುದು ಸರ್ವವಿದಿತ. ಅದಕ್ಕಿಂತ ಸೂಕ್ಷ್ಮವಾದ ಸಂಗತಿಯೆಂದರೆ ಉತ್ತರಗಳೇ ಋತುವಿಗೆ ತಕ್ಕಂತೆ ಬದಲಾಗುತ್ತವೆ. ಮಳೆಗಾಲದಲ್ಲಿ ಸಂಕ ಮತ್ತು ಕರೆಂಟು, ಏಪ್ರಿಲ್‌ನಲ್ಲಿ ಕುಡಿಯುವ ನೀರು, ಕೊಳೆರೋಗ ಅಥವಾ ಎಲೆಚುಕ್ಕೆ ರೋಗ ಹೆಚ್ಚಾದ ವರ್ಷ ಬರೀ ಅಡಿಕೆ. ಸಾಧ್ಯವಿದ್ದರೆ ಮುಖ್ಯ ಸಮೀಕ್ಷೆಯನ್ನು ಫೆಬ್ರುವರಿ–ಮಾರ್ಚ್‌ನಲ್ಲಿ ನಡೆಸಿ, ಜುಲೈ–ಆಗಸ್ಟ್‌ನಲ್ಲಿ ಎರಡು ಮೂರು ದಿನಗಳ ಕಿರುಭೇಟಿ ಇಟ್ಟುಕೊಳ್ಳಬೇಕು. ಒಂದೇ ಬಾರಿ ಸಾಧ್ಯವೆಂದಾದರೆ ಯಾವ ತಿಂಗಳಲ್ಲಿ ಕೇಳಲಾಯಿತೆಂಬುದನ್ನು ವರದಿಯ ಮೊದಲ ಪುಟದಲ್ಲೇ ನಮೂದಿಸಬೇಕು.

ಪ್ರಶ್ನೆಗಳನ್ನು ಕಟ್ಟುವ ಬಗೆ

‘ನಿಮಗೆ ಏನು ಬೇಕು’ ಎಂದು ಕೇಳಿದರೆ ಕೇಳಿದವರು ಏನು ಕೊಡಬಹುದೆಂದು ಊಹಿಸಿ ಉತ್ತರ ಕೊಡುತ್ತಾರೆ. ನಡೆದ ಸಂಗತಿಯನ್ನು ಕೇಳಿದರೆ ಈ ಊಹೆಗೆ ಎಡೆಯಿರುವುದಿಲ್ಲ. ‘ಶಾಲೆಗೆ ಹೋಗುವ ದಾರಿ ಸರಿಯಿದೆಯೇ’ ಎನ್ನುವ ಬದಲು ‘ಕಳೆದ ಮಳೆಗಾಲದಲ್ಲಿ ನಿಮ್ಮ ಮಕ್ಕಳು ಎಷ್ಟು ದಿನ ಶಾಲೆಗೆ ಹೋಗಲಿಲ್ಲ, ಯಾವ ಕಾರಣಕ್ಕೆ’ ಎಂದು ಕೇಳಬೇಕು. ‘ಆರೋಗ್ಯ ಸೌಲಭ್ಯ ತೃಪ್ತಿಕರವೇ’ ಎನ್ನುವ ಬದಲು ‘ಮನೆಯಲ್ಲಿ ಕೊನೆಯ ಸಲ ಯಾರಿಗೆ ಹುಷಾರಿರಲಿಲ್ಲ, ಎಲ್ಲಿಗೆ ಕರೆದುಕೊಂಡು ಹೋದಿರಿ, ಹೇಗೆ ಹೋದಿರಿ, ಒಟ್ಟು ಎಷ್ಟು ಖರ್ಚಾಯಿತು, ಆ ಹಣ ಎಲ್ಲಿಂದ ಬಂತು’ ಎಂದು ಕೇಳಬೇಕು. ಕೊನೆಯ ತುಂಡು ಪ್ರಶ್ನೆಯಿಂದ ಸಾಲದ ಚಿತ್ರವೂ ಸಿಗುತ್ತದೆ. ಎಷ್ಟು ಕ್ವಿಂಟಲ್ ಅಡಿಕೆ, ಎಷ್ಟು ಒತ್ತುವರಿ ಜಾಗ ಎಂಬ ಪ್ರಶ್ನೆಗಳನ್ನು ಪಟ್ಟಿಗೆ ಸೇರಿಸಲೇಬಾರದು. ಸರಿಯಾದ ಉತ್ತರವೂ ಸಿಗುವುದಿಲ್ಲ, ಉಳಿದ ಉತ್ತರಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಪ್ರಶ್ನಾವಳಿ ಅರ್ಧ ಗಂಟೆಯನ್ನು ಮೀರಬಾರದು. ಅಚ್ಚು ಹಾಕಿಸುವ ಮೊದಲು ಸಮೀಕ್ಷೆಯ ಊರಲ್ಲದ ಬೇರೆಡೆ ಐದಾರು ಮನೆಗಳಲ್ಲಿ ಪ್ರಯೋಗ ಮಾಡಿ, ಯಾವ ಪ್ರಶ್ನೆಗೆ ‘ಅಂದ್ರೆ?’ ಎಂಬ ಮರುಪ್ರಶ್ನೆ ಬಂತೋ ಅದನ್ನು ಊರಿನವರ ಆಡುಮಾತಿಗೆ ಇಳಿಸಬೇಕು. ಮೊಬೈಲಿನಲ್ಲಿ ದಾಖಲಿಸುವುದಾದರೆ ಕೋಬೊ ಟೂಲ್‌ಬಾಕ್ಸ್‌ನಂಥ ಸಲಕರಣೆಯಲ್ಲಿ ಕನ್ನಡದಲ್ಲೇ ನಮೂನೆ ಸಿದ್ಧಪಡಿಸಿಕೊಳ್ಳಬಹುದು. ನೆಟ್‌ವರ್ಕ್ ಇಲ್ಲದ ಕಡೆ ತುಂಬಿಟ್ಟು, ಸಿಗ್ನಲ್ ಸಿಕ್ಕಲ್ಲಿ ಕಳುಹಿಸುವ ಅನುಕೂಲ ಅದರಲ್ಲಿದೆ. ಮಾತು ಆರಂಭಿಸುವ ಮೊದಲು ತಾವು ಯಾರು, ಮಾಹಿತಿ ಯಾತಕ್ಕೆ, ಯಾರ ಕೈಗೆ ಹೋಗುತ್ತದೆ, ಉತ್ತರಿಸದಿರುವ ಸ್ವಾತಂತ್ರ್ಯವಿದೆ ಎಂಬುದನ್ನು ಹೇಳಿ ಒಪ್ಪಿಗೆ ಪಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹೆಸರು, ಫೋನ್ ನಂಬರುಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚುವ ಅಭ್ಯಾಸವನ್ನು ಸಂಸ್ಥೆಗಳು ಬಿಡಲೇಬೇಕು. ಇನ್ನೊಂದು ಮಾತು: ‘ಮಾಡಿಸಿಕೊಡ್ತೀವಿ’ ಎಂಬ ಭರವಸೆ ಕಾರ್ಯಕರ್ತರ ಬಾಯಿಂದ ತಪ್ಪಿಯೂ ಹೊರಡಬಾರದು.

ನಮ್ಮ ಕೈಯಲ್ಲಿ ಇಲ್ಲದ ಅಗತ್ಯಗಳು

ಮಲೆನಾಡಿನಲ್ಲಿ ಯಾವ ವಿಷಯಕ್ಕೆ ಸಭೆ ಕರೆದರೂ ಹಕ್ಕುಪತ್ರದ ಮಾತು ಬಂದೇ ಬರುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡ ಕುಟುಂಬಗಳು, ಬಗರ್‌ಹುಕುಂ ಅರ್ಜಿದಾರರು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಹೊಂದಿಸಲಾಗದೆ ಒದ್ದಾಡುವ ಪಾರಂಪರಿಕ ಅರಣ್ಯವಾಸಿಗಳು ಎಲ್ಲರಿಗೂ ಅದೇ ಮೊದಲ ಚಿಂತೆ. ಅದರ ಹಿಂದೆಯೇ ಮಂಗ, ಕಾಡುಹಂದಿ, ಆನೆಗಳಿಂದಾಗುವ ಬೆಳೆಹಾನಿಯ ಮಾತು ಬರುತ್ತದೆ. ತರಬೇತಿ ನಡೆಸುವ ಸಂಸ್ಥೆ ಇವುಗಳನ್ನು ‘ವಿಷಯಾಂತರ’ ಎಂದು ತಡೆದರೆ ಜನ ಮುಂದಿನ ಪ್ರಶ್ನೆಗಳಿಗೆ ಉಪಚಾರಕ್ಕೆ ಮಾತ್ರ ಉತ್ತರಿಸುತ್ತಾರೆ. ಬದಲಿಗೆ ವರದಿಯಲ್ಲಿ ಇಂಥವುಗಳಿಗೇ ಒಂದು ಭಾಗವಿಟ್ಟು, ಗ್ರಾಮ ಪಂಚಾಯಿತಿಗೆ, ಸಂಬಂಧಿಸಿದ ಇಲಾಖೆಗೆ ಅಥವಾ ಉಚಿತ ನೆರವಿಗಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಲಿಖಿತವಾಗಿ ಕಳುಹಿಸಿ, ಕಳುಹಿಸಿದ ಪ್ರತಿಯನ್ನು ಊರಿನವರಿಗೆ ಕೊಡಬೇಕು. ಅಷ್ಟನ್ನಾದರೂ ಮಾಡಲಾಗದ ಸಂಸ್ಥೆ ಸಮೀಕ್ಷೆಗೆ ಇಳಿಯದಿರುವುದೇ ಲೇಸು.

ಸಿಕ್ಕಿದ್ದನ್ನು ತೂಗಿ ಆರಿಸುವುದು

ಮಾಹಿತಿ ಕೈಗೆ ಬಂದ ಮೇಲೆ ಪ್ರತಿ ಕೊರತೆಯನ್ನೂ ಒಂದು ವಾಕ್ಯದಲ್ಲಿ ಬರೆಯಬೇಕು: ಯಾರಿಗೆ, ಯಾವ ಕಾಲದಲ್ಲಿ, ಎಷ್ಟರ ಮಟ್ಟಿಗೆ, ಯಾವ ಆಧಾರದಿಂದ ತಿಳಿಯಿತು. ಕಡತ, ಮನೆ ಸಮೀಕ್ಷೆ, ಗುಂಪು ಚರ್ಚೆ ಈ ಮೂರರಲ್ಲಿ ಕನಿಷ್ಠ ಎರಡರ ಬೆಂಬಲವಿಲ್ಲದ್ದನ್ನು ‘ಇನ್ನೂ ವಿಚಾರಿಸಬೇಕು’ ಎಂಬ ಪಟ್ಟಿಗೆ ಹಾಕಬೇಕು. ಅಧ್ಯಕ್ಷರ ಅನುಭವದ ಮಾತಿಗೂ ಇದೇ ನಿಯಮ.

ಉಳಿದ ಐದಾರು ಕೊರತೆಗಳನ್ನು ತೂಗಲು ಅಳತೆಗೋಲುಗಳನ್ನು ಮೊದಲೇ ಒಪ್ಪಿಕೊಂಡಿರಬೇಕು: ಎಷ್ಟು ಜನರಿಗೆ ತಟ್ಟಿದೆ, ಎಷ್ಟು ತೀವ್ರವಾಗಿದೆ, ಬಿಟ್ಟರೆ ಹದಗೆಡುತ್ತದೆಯೇ, ಬೇರೆ ಯಾರಾದರೂ ಮಾಡುತ್ತಿದ್ದಾರೆಯೇ, ನಮ್ಮ ಹಣ ಮತ್ತು ನೈಪುಣ್ಯಕ್ಕೆ ನಿಲುಕುತ್ತದೆಯೇ. ಮಂಡಳಿಯ ಸದಸ್ಯರು ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕವನ್ನು ಬೇರೆ ಬೇರೆ ಹಾಳೆಯಲ್ಲಿ, ಒಬ್ಬರದನ್ನು ಒಬ್ಬರು ನೋಡದೆ ಬರೆಯಬೇಕು. ಒಟ್ಟು ಮೊತ್ತಕ್ಕಿಂತ ಒಬ್ಬರು ಐದು, ಇನ್ನೊಬ್ಬರು ಒಂದು ಕೊಟ್ಟಿರುವ ಕಡೆಗಳೇ ಚರ್ಚೆಗೆ ಯೋಗ್ಯ. ನಮ್ಮ ಕಲ್ಪಿತ ಸಂಸ್ಥೆಯ ಮಟ್ಟಿಗೆ, ಹೆಂಗಸರಿಗೆ ಕೆಲಸವಿಲ್ಲದ ತಿಂಗಳುಗಳ ಸಾಲದ ಹೊರೆ ಮೊದಲು ಬಂದಿದೆಯೆನ್ನಿ. ಆಗ ಕೇಳಬೇಕಾದದ್ದು ಊರಿನಲ್ಲಿ ಈಗಾಗಲೇ ಏನಿದೆ ಎಂದು: ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಸಾಲ ವ್ಯವಸ್ಥೆ, ಹಾಲಿನ ಸೊಸೈಟಿ, ಹಪ್ಪಳ ಮಾಡಿ ಬಲ್ಲ ಕೈಗಳು, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಂಥ ಮಾಹಿತಿಯ ಮೂಲಗಳು. ಇದನ್ನು ನೋಡಿದ ಮೇಲೆ ಹೊಲಿಗೆ ತರಬೇತಿಯೇ ಸರಿಯೆಂದು ತೋರಿದರೂ ತೋರಬಹುದು. ಆದರೆ ಆಗ ಹೊಲಿದ ಬಟ್ಟೆ ಕೊಳ್ಳುವವರು ಯಾರೆಂಬ ಪ್ರಶ್ನೆಗೆ ಉತ್ತರವೂ ಜೊತೆಗಿರುತ್ತದೆ.

ಅಂತಿಮಗೊಳಿಸುವ ಮೊದಲು ತೀರ್ಮಾನವನ್ನು ಊರಿಗೆ ಒಯ್ದು ಓದಿ ಹೇಳಬೇಕು. ‘ಹಾಗಲ್ಲ, ಆ ಕೇರಿಯಲ್ಲಿ ಬೇರೆ ಕಥೆ’ ಎಂಬ ತಿದ್ದುಪಡಿಗಳು ಬರುವುದು ಈ ಹಂತದಲ್ಲಿಯೇ. ಗ್ರಾಮ ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆ ತಯಾರಿಸುವ ಜನ ಯೋಜನೆ ಅಭಿಯಾನ ಅಕ್ಟೋಬರ್ 2ರಿಂದ ಆರಂಭವಾಗುವ ರೂಢಿಯಿರುವುದರಿಂದ, ಸೆಪ್ಟೆಂಬರಿನೊಳಗೆ ನಾಲ್ಕೈದು ಪುಟಗಳ ಕನ್ನಡ ವರದಿಯನ್ನು ಪಂಚಾಯಿತಿಗೆ ಕೊಟ್ಟರೆ ಕಾಲುಸಂಕ, ಕುಡಿಯುವ ನೀರಿನಂಥ ಅಂಶಗಳು ಸರ್ಕಾರದ ಕ್ರಿಯಾ ಯೋಜನೆಗೆ ಸೇರುವ ಅವಕಾಶವಿರುತ್ತದೆ. ಸಂಸ್ಥೆಯ ಕಾರ್ಯಕ್ರಮದ ಪ್ರತಿ ಗುರಿಯ ಎದುರಿಗೂ ಅದು ಸಮೀಕ್ಷೆಯ ಯಾವ ಅಂಶದಿಂದ ಹುಟ್ಟಿತೆಂದು ಬರೆದಿಡಬೇಕು. ತುಂಬಿದ ನಮೂನೆಗಳನ್ನು ಬೀಗ ಹಾಕಿದ ಕಪಾಟಿನಲ್ಲಿಟ್ಟು, ಒಂದು ವರ್ಷದ ಬಳಿಕ ಅದೇ ತಿಂಗಳಲ್ಲಿ, ಅದೇ ಮನೆಗಳಲ್ಲಿ, ಅವೇ ಪ್ರಶ್ನೆಗಳನ್ನು ಕೇಳಲು ಈ ಬಜೆಟ್ಟಿನಲ್ಲಿಯೇ ಹಣ ತೆಗೆದಿರಿಸಬೇಕು.